ಗೊಂದಲ: ಒಂದು ಮಾತಿನ ಪೂರ್ವಕಥೆ

ಕನ್ನಡದಲ್ಲಿ ಅಚ್ಚುಕಟ್ಟನ್ನು ಹೇಳುವ ಮಾತುಗಳನ್ನು ಬೆರಳೆಣಿಸಿ ಮುಗಿಸಬಹುದು. ಅಚ್ಚುಕಟ್ಟಿಲ್ಲದ್ದನ್ನು ಹೇಳುವ ಮಾತುಗಳಿಗೆ ಮಾತ್ರ ಬರವಿಲ್ಲ. ಮನೆಯ ಸಾಮಾನು ಚೆಲ್ಲಾಪಿಲ್ಲಿಯಾಗುತ್ತದೆ. ಉಟ್ಟ ಬಟ್ಟೆ ಅಸ್ತವ್ಯಸ್ತವಾಗುತ್ತದೆ. ಅಡಿಗೆಮನೆ ಗಲೀಜಾಗುತ್ತದೆ, ಉತ್ತರದ ಕಡೆಯವರಾದರೆ ರಾಡಿ ಎನ್ನುತ್ತಾರೆ. ತರಗತಿಯಲ್ಲಿ ಗದ್ದಲ, ಬೀದಿಯಲ್ಲಿ ಗಲಾಟೆ, ಊರಿನಲ್ಲಿ ದೊಂಬಿ. ಹುಡುಗರದು ಪುಂಡಾಟ, ಕುಡಿದವರದು ರಂಪ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಕಿವಿ ಒಪ್ಪುವುದಿಲ್ಲ. ‘ಬಟ್ಟೆ ದೊಂಬಿಯಾಗಿದೆ’ ಎಂದು ಯಾರೂ ಅನ್ನರು. ‘ಊರಿನಲ್ಲಿ ಚೆಲ್ಲಾಪಿಲ್ಲಿ ನಡೆಯಿತು’ ಎಂದೂ ಅನ್ನರು. ಒಂದೊಂದು ಮಾತಿಗೂ ಒಂದೊಂದು ಎಲ್ಲೆಯುಂಟು.

ಈ ಎಲ್ಲೆಗಳನ್ನೆಲ್ಲ ದಾಟಿ ಎಲ್ಲ ಕಡೆಯೂ ಸಲ್ಲುವ ಮಾತು ಒಂದಿದೆ. ಅದು ‘ಗೊಂದಲ’. ಪುಸ್ತಕಗಳು ಹರಡಿಬಿದ್ದ ಕೋಣೆಯೂ ಗೊಂದಲ. ಒಬ್ಬರ ಮಾತು ಒಬ್ಬರಿಗೆ ಕೇಳದ ಸಭೆಯೂ ಗೊಂದಲ. ಯಾವ ದಾರಿ ಹಿಡಿಯಬೇಕೆಂದು ತಿಳಿಯದ ಮನಸ್ಸೂ ಗೊಂದಲ. ಸರಕಾರದ ಒಂದು ಆದೇಶಕ್ಕೆ ಇನ್ನೊಂದು ಆದೇಶ ಎದುರಾದರೆ ಅದೂ ಗೊಂದಲವೇ. ದಿನಪತ್ರಿಕೆಯ ಯಾವುದಾದರೂ ಒಂದು ಪುಟವನ್ನು ತೆರೆದು ಹುಡುಕಿದರೆ ಈ ಮಾತು ಸಿಕ್ಕದಿರುವುದು ಅಪರೂಪ. ಇಷ್ಟು ಕೆಲಸ ಮಾಡುವ ಮಾತಿನ ಮೂಲ ಯಾವುದು, ಅದು ಯಾವ ಊರಿನಿಂದ ನಡೆದು ನಮ್ಮ ನಾಲಗೆಗೆ ಬಂದಿತು ಎಂದು ವಿಚಾರಿಸುವುದು ವ್ಯರ್ಥವಾಗಲಾರದು. ವಿಚಾರಿಸಿದಾಗ ನನಗೆ ಕಂಡುಬಂದ ಸಂಗತಿ ಇದು: ಇಂದು ಅವ್ಯವಸ್ಥೆಗೆ ಹೆಸರಾಗಿರುವ ಈ ಮಾತು ಒಂದಾನೊಂದು ಕಾಲಕ್ಕೆ, ಹಲವು ಊರುಗಳಲ್ಲಿ ಇಂದಿಗೂ ಸಹ, ಬಹಳ ಕಟ್ಟುನಿಟ್ಟಾದ ಒಂದು ವ್ಯವಸ್ಥೆಯ ಹೆಸರು.

ಮೊದಲು ಈ ಮಾತು ಯಾವ ಯಾವ ಕ್ರಿಯಾಪದದ ಜೊತೆ ಸೇರುತ್ತದೆ ಎಂಬುದನ್ನು ನೋಡಬೇಕು. ಶಬ್ದದ ಚರಿತ್ರೆಯನ್ನು ಅರಿಯಲು ಅದರ ನೆಂಟರನ್ನು ವಿಚಾರಿಸುವುದು ಒಳ್ಳೆಯ ಉಪಾಯ. ಬೆಂಗಳೂರು ಮೈಸೂರುಗಳಲ್ಲಿ ನಾವು ‘ಗೊಂದಲವಾಯಿತು’, ‘ಗೊಂದಲಕ್ಕೆ ಬಿದ್ದೆ’ ಎನ್ನುತ್ತೇವೆ. ಇಲ್ಲಿ ಗೊಂದಲಕ್ಕೆ ಕರ್ತೃವೇ ಇಲ್ಲ. ಅದು ಮಳೆಯಂತೆ, ನೆಗಡಿಯಂತೆ, ತಾನೇ ಬಂದು ಮೇಲೆರಗುತ್ತದೆ. ‘ಗೊಂದಲ ಎಬ್ಬಿಸಿದರು’, ‘ಗೊಂದಲ ಮಾಡಿದರು’ ಎಂದಾಗ ಕರ್ತೃ ಇದ್ದಾನೆ, ಆದರೆ ಅವನು ಅಪರಾಧಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕಲಬುರಗಿ, ಬೀದರಗಳ ಕಡೆ ಹೋದರೆ ಮೂರನೆಯ ಒಂದು ಪ್ರಯೋಗ ಕೇಳಿಬರುತ್ತದೆ. ಅಲ್ಲಿ ‘ಗೊಂದಲ ಹಾಕುತ್ತಾರೆ’. ಮನೆಯ ಯಜಮಾನ ‘ಗೊಂದಲ ಹಾಕಿಸುತ್ತಾನೆ’. ರಂಗೋಲಿ ಹಾಕಿದಂತೆ, ಚಪ್ಪರ ಹಾಕಿಸಿದಂತೆ. ಇಲ್ಲಿ ಕರ್ತೃವೂ ಇದ್ದಾನೆ, ಹಾಕಿಸಿದವನೂ ಇದ್ದಾನೆ, ಅದಕ್ಕೊಂದು ದಿನವೂ ಗೊತ್ತಾಗಿರುತ್ತದೆ. ಅಪರಾಧ ಮಾತ್ರ ಎಲ್ಲಿಯೂ ಇಲ್ಲ.

ನಾನು ಹುಟ್ಟಿ ಬೆಳೆದದ್ದು ಮೈಸೂರು ಸೀಮೆಯಲ್ಲಿ. ಅನ್ನದ ಋಣ ಇದ್ದದ್ದು ಬೆಳಗಾವಿ ಸೀಮೆಯ ಒಂದು ಊರಿನ ಕಾಲೇಜಿನಲ್ಲಿ. ಅಲ್ಲಿ ಬಿ.ಎ. ತರಗತಿಯ ಹಾಜರಿ ಪುಸ್ತಕದಲ್ಲಿ ಒಬ್ಬ ಹುಡುಗನ ಹೆಸರಿನ ತುದಿಗೆ ‘ಗೋಂಧಳಿ’ ಎಂದು ಅಡ್ಡಹೆಸರಿತ್ತು. ಹಾಜರಿ ಕೂಗುವಾಗ ಆ ಹೆಸರು ಬಂದರೆ ಹಿಂದಿನ ಬೆಂಚುಗಳಲ್ಲಿ ನಗೆ ಏಳುತ್ತಿತ್ತು. ಒಂದು ದಿನ ತರಗತಿ ಮುಗಿದ ಮೇಲೆ ಆ ಹುಡುಗನನ್ನು ನಿಲ್ಲಿಸಿಕೊಂಡು, ನಿಮ್ಮ ಮನೆಯಲ್ಲಿ ಗೊಂದಲ ಹಾಕುವವರು ಇದ್ದಾರೆಯೇ ಎಂದು ಕೇಳಿದೆ. ಅಜ್ಜ ಇದ್ದಾನೆ ಎಂದ. ಸ್ವಲ್ಪ ತಡೆದು, “ಮಂದಿ ನಗ್ತಾರ್ರಿ ಸರ. ಖರೇ ಅಂದ್ರ ನೆಲಾ ಸಾರಸಲಾರದ ಗೊಂದಲಾ ಹಾಕಂಗಿಲ್ರಿ. ನಮ್ಮ ಅಜ್ಜ ಮೊದಲ ನೆಲಾ ನೋಡ್ತಾನ್ರಿ, ಆಮ್ಯಾಲ ಸಂಬಾಳ ತಗೀತಾನ” ಎಂದ. ಅವನ ಅಣ್ಣ ಪಟ್ಟಣದಲ್ಲಿ ಕೆಲಸಕ್ಕೆ ಸೇರಿದವನು ಹೆಸರಿನ ತುದಿಯ ಆ ಮಾತನ್ನು ಬಿಟ್ಟುಬಿಟ್ಟಿದ್ದನಂತೆ. ಕೇಳಿದವರಿಗೆ ಉತ್ತರ ಹೇಳಿ ಸಾಕಾಯಿತೆಂದು ಕಾರಣ ಕೊಟ್ಟನಂತೆ.

ನೆಲ ಸಾರಿಸದೆ ಗೊಂದಲವಿಲ್ಲ! ಕಸ ಗುಡಿಸದ ಕೋಣೆಯನ್ನು ಗೊಂದಲವೆಂದು ಕರೆದು ರೂಢಿಯಾದವರಿಗೆ ಇದಕ್ಕಿಂತ ಹೆಚ್ಚಿನ ವಿಸ್ಮಯ ಯಾವುದಿದ್ದೀತು? ಆ ವರ್ಷದ ಬೇಸಗೆಯಲ್ಲಿ ಹತ್ತಿರದ ಹಳ್ಳಿಯ ಒಂದು ಮದುವೆಮನೆಯಲ್ಲಿ ಆ ಅಜ್ಜ ತನ್ನ ಮೇಳದೊಡನೆ ಗೊಂದಲ ಹಾಕುವುದನ್ನು ರಾತ್ರಿಯೆಲ್ಲ ಕುಳಿತು ನೋಡಿದೆ.

ಮದುವೆಯ ಕಾರ್ಯ ಮುಗಿದಿತ್ತು. ಅಂಗಳವನ್ನು ಸಗಣಿ ಹಾಕಿ ಸಾರಿಸಿ, ನಡುವೆ ಒಂದು ಮಣೆ ಇಟ್ಟು, ಅದರ ಮೇಲೆ ಹೊಸ ಖಣವನ್ನು ಹಾಸಿದರು. ಖಣದ ಮೇಲೆ ಧಾನ್ಯದ ರಾಶಿ, ರಾಶಿಯ ಮೇಲೆ ನೀರು ತುಂಬಿದ ಕಲಶ, ಕಲಶದ ಬಾಯಿಗೆ ವೀಳ್ಯದೆಲೆ, ಎಲೆಯ ಮೇಲೆ ತೆಂಗಿನಕಾಯಿ. ಸುತ್ತಲೂ ಐದು ಜೋಳದ ದಂಟುಗಳನ್ನು ನಿಲ್ಲಿಸಿ ತುದಿಗಳನ್ನು ಒಂದುಗೂಡಿಸಿ ಕಟ್ಟಿದರು. ಅದು ದೇವಿಯ ಮಂಟಪ. ಬದಿಯಲ್ಲಿ ದೀವಟಿಗೆ, ಅದಕ್ಕೆ ಬೆಳಗಿನವರೆಗೆ ಎಣ್ಣೆ ಹನಿಸುತ್ತಿರಲು ಒಬ್ಬ ಹುಡುಗ. ಮೇಳದಲ್ಲಿ ನಾಲ್ಕು ಮಂದಿ. ಪಾದದವರೆಗೆ ಇಳಿಬಿದ್ದ ನಿಲುವಂಗಿ, ತಲೆಗೆ ರುಮಾಲು, ಕೊರಳಲ್ಲಿ ಕವಡೆಯ ಸರ. ಒಬ್ಬನ ಸೊಂಟಕ್ಕೆ ಸಂಬಾಳ. ಅದು ಜೋಡಿ ವಾದ್ಯ, ಒಂದು ದನಿ ಮಂದ್ರ, ಇನ್ನೊಂದು ತಾರ, ಬಾರಿಸುವುದು ಕಡ್ಡಿಗಳಿಂದ. ಇನ್ನೊಬ್ಬನ ಕೈಯಲ್ಲಿ ಒಂಟಿ ತಂತಿಯ ತುಂತುಣಿ, ಮತ್ತೊಬ್ಬನಲ್ಲಿ ತಾಳ. ಅಜ್ಜನೇ ಮುಖ್ಯ ಹಾಡುಗಾರ.

ಹಾಡು ಮೊದಲಾದದ್ದು ಗಣಪತಿಯ ಸ್ತುತಿಯಿಂದ. ಆಮೇಲೆ ನಡೆದದ್ದು ಕರೆಯುವ ಶಾಸ್ತ್ರ. ದೇವದೇವಿಯರನ್ನು ಒಬ್ಬೊಬ್ಬರನ್ನಾಗಿ, ಅವರವರ ಊರಿನ ಹೆಸರು ಹಿಡಿದು, ಗೊಂದಲಕ್ಕೆ ಬರಬೇಕೆಂದು ಬೇಡುತ್ತಾರೆ. ತುಳಜಾಪುರದ ಭವಾನಿ, ಮಾಹೂರಿನ ರೇಣುಕೆ, ಕೊಲ್ಹಾಪುರದ ಮಹಾಲಕ್ಷ್ಮಿ, ಸವದತ್ತಿಯ ಎಲ್ಲಮ್ಮ, ಜೇಜೂರಿಯ ಖಂಡೋಬ, ಪಂಢರಪುರದ ವಿಠೋಬ, ಕಡೆಗೆ ಆ ಮನೆಯ ಕುಲದೇವರು, ಆ ಊರ ಹನುಮಂತ. ಒಂದು ಹೆಸರು ಬಿಡುವಂತಿಲ್ಲ, ಹಿಂದು ಮುಂದಾಗುವಂತಿಲ್ಲ. ನಮ್ಮ ಕಾಲೇಜಿನ ಹಾಜರಿ ಪುಸ್ತಕಕ್ಕೆ ಅಷ್ಟು ಶಿಸ್ತು ಇರಲಿಲ್ಲ! ಎಲ್ಲರೂ ಬಂದು ಕುಳಿತರೆಂದಾದ ಮೇಲೆ ಕಥೆ. ಮುಖ್ಯ ಹಾಡುಗಾರ ಒಂದು ಮಾತು ಹೇಳಿದರೆ ಪಕ್ಕದವನು ಅದಕ್ಕೆ ಪೆದ್ದುಪೆದ್ದಾಗಿ ಒಂದು ಪ್ರಶ್ನೆ ಹಾಕುತ್ತಾನೆ. ಆ ಪ್ರಶ್ನೆಯಿಂದ ಜನ ನಗುತ್ತಾರೆ. ಉತ್ತರದಿಂದ ಕಥೆ ಬಿಚ್ಚಿಕೊಳ್ಳುತ್ತದೆ. ಹೀಗೆ ಹರಿಶ್ಚಂದ್ರನ ಕಥೆ ಕೋಳಿ ಕೂಗುವ ಹೊತ್ತಿಗೆ ಮುಗಿದು, ದೇವಿಗೆ ಆರತಿಯಾಗಿ, ಕರೆದ ದೇವರನ್ನೆಲ್ಲ ಮತ್ತೆ ಅವರವರ ಊರಿಗೆ ಕಳುಹಿಸಿಕೊಟ್ಟರು. ಹೊಸ ಸಂಸಾರವೊಂದು ಶುರುವಾಗುವ ಮುನ್ನ ಯಾರನ್ನೂ ಮರೆಯದೆ ಕರೆದು, ಕೂಡಿಸಿ, ಕಳುಹಿಸುವ ಕಾರ್ಯ ಇದು. ಇದರ ಹೆಸರು ಗೊಂದಲ.

ಗೊಂದಲಿಗರಲ್ಲಿ ಎರಡು ಬಣಗಳನ್ನು ಹೇಳುತ್ತಾರೆ. ತುಳಜಾಪುರದ ಭವಾನಿಯ ಒಕ್ಕಲು ಕದಮರಾಯಿಗಳು. ಮಾಹೂರಿನ ರೇಣುಕೆಯ ಒಕ್ಕಲು ರೇಣುರಾಯಿಗಳು. ತಮ್ಮ ಕಸುಬಿನ ಹುಟ್ಟಿಗೆ ಅವರು ಹೇಳುವ ಕಥೆ ಕೇಳುವಂತಹದು. ಪರಶುರಾಮನು ಬೇಟಾಸುರನೆಂಬ ದೈತ್ಯನನ್ನು ಕೊಂದು, ಅವನ ತಲೆಗೆ ನರದ ತಂತಿ ಬಿಗಿದು ವಾದ್ಯ ಮಾಡಿಕೊಂಡು, ತಾಯಿ ರೇಣುಕೆಯ ಮುಂದೆ ನುಡಿಸಿ ನಮಸ್ಕರಿಸಿದನಂತೆ. ಅದೇ ಮೊದಲ ಗೊಂದಲ. ಲೋಕವನ್ನು ಅಲ್ಲೋಲಕಲ್ಲೋಲ ಮಾಡಿದ ಅಸುರನ ತಲೆಯೇ ಶ್ರುತಿಗೆ ಸೇರಿ ವಾದ್ಯವಾಯಿತೆಂದು ಈ ಕಥೆ ಹೇಳುತ್ತದೆ. ಅವರ ಪಾಲಿಗೆ ಗೊಂದಲವೆಂದರೆ ಪುಂಡಾಟವಲ್ಲ, ಪುಂಡಾಟವನ್ನು ಅಡಗಿಸಿ ತಾಳಕ್ಕೆ ತಂದದ್ದು.

ಪುರಾಣದ ಮಾತು ಅಷ್ಟಿರಲಿ; ಚರಿತ್ರೆ ಏನು ಹೇಳುತ್ತದೆ? ಇಲ್ಲಿ ನಾವು ಕನ್ನಡನಾಡಿನ ನಡುಮನೆಗೇ ಬರಬೇಕಾಗುತ್ತದೆ. ಕಾಕತೀಯ ಗಣಪತಿದೇವನ ಸೇನಾನಿಯಾಗಿದ್ದ ಜಾಯಪನು 1253–54ರ ಸುಮಾರಿಗೆ ‘ನೃತ್ತರತ್ನಾವಳಿ’ ಎಂಬ ಸಂಸ್ಕೃತ ಗ್ರಂಥವನ್ನು ಬರೆದನು. ಅದರಲ್ಲಿ ಅವನು ‘ಗೊಂಡಲಿ’ ಎಂಬ ನೃತ್ಯವಿಧಿಯೊಂದರ ಹುಟ್ಟನ್ನು ಹೇಳುತ್ತಾನೆ. ಹಿಂದೆ ಕಲ್ಯಾಣಪಟ್ಟಣದಲ್ಲಿ ಭೂತಮಾತೃವಿನ ಮಹೋತ್ಸವ ನಡೆಯುತ್ತಿದ್ದಾಗ, ಭಿಲ್ಲರ ವೇಷ ತೊಟ್ಟ ಒಬ್ಬ ಹೆಂಗಸು ಹಾಡುತ್ತ ಕುಣಿಯುತ್ತಿದ್ದುದನ್ನು ಸೋಮೇಶ್ವರ ಮಹಾರಾಜನು ತಾನೇ ನೋಡಿ ಮೆಚ್ಚಿ, ಅದಕ್ಕೆ ಒಂದು ಕ್ರಮವನ್ನು ಕಲ್ಪಿಸಿದನಂತೆ. ಮಹಾರಾಷ್ಟ್ರದಲ್ಲಿ ಭಿಲ್ಲರ ಹೆಣ್ಣನ್ನು ಗೊಂಡಿನಿ ಎನ್ನುವುದರಿಂದ ಆ ನೃತ್ಯಕ್ಕೆ ಈ ಹೆಸರು ಬಂದಿತೆಂದು ಜಾಯಪನ ವಿವರಣೆ. ಕಲ್ಯಾಣವೆಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಆ ಸೋಮೇಶ್ವರನು ‘ಮಾನಸೋಲ್ಲಾಸ’ವನ್ನು ಬರೆದ, 1126ರಿಂದ 1138ರವರೆಗೆ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನೆಂದು ವಿದ್ವಾಂಸರು ಗುರುತಿಸುತ್ತಾರೆ. ಅಡಿಗೆಯಿಂದ ಹಿಡಿದು ಆನೆಯ ಚಿಕಿತ್ಸೆಯವರೆಗೆ ಎಲ್ಲಕ್ಕೂ ಕ್ರಮ ಬರೆದಿಟ್ಟ ಅರಸನಿಗೆ ಜಾತ್ರೆಯ ಕುಣಿತಕ್ಕೂ ಕ್ರಮ ಕಟ್ಟಬೇಕೆಂದು ತೋರಿದ್ದರೆ ಆಶ್ಚರ್ಯವಿಲ್ಲ.

ದೇವಗಿರಿಯ ಸೇವುಣ ಸಿಂಘಣನ ಆಶ್ರಯದಲ್ಲಿ ಹದಿಮೂರನೆಯ ಶತಮಾನದ ಮೊದಲರ್ಧದಲ್ಲಿ ಶಾರ್ಙ್ಗದೇವನು ರಚಿಸಿದ ‘ಸಂಗೀತರತ್ನಾಕರ’ದಲ್ಲಿಯೂ ‘ಗೌಂಡಲೀ’ ಎಂಬ ದೇಸಿ ನೃತ್ಯವಿಧಿ ಇದೆ. ಅದನ್ನಾಡುವ ನರ್ತಕಿ ಕರ್ಣಾಟ ದೇಶದ ರೀತಿಯಲ್ಲಿ ಅಲಂಕರಿಸಿಕೊಳ್ಳಬೇಕು. ತಾನೇ ವಾದ್ಯ ನುಡಿಸುತ್ತ, ಹಾಡುತ್ತ ಕುಣಿಯಬೇಕು. ಹಾಡದೆ ಕುಣಿದರೆ ಅದು ‘ಮೂಕಗೌಂಡಲೀ’. ಹೆಸರು ಹತ್ತಿರವಾದ ಮಾತ್ರಕ್ಕೆ ಆ ಕುಣಿತವೂ ಇಂದಿನ ಗೊಂದಲವೂ ಒಂದೇ ಎಂದು ಹೇಳಿಬಿಡುವಂತಿಲ್ಲ. ಅದು ಒಬ್ಬ ನರ್ತಕಿಯ ನೃತ್ಯ, ಇದು ಗಂಡಸರ ಮೇಳ. ಅದು ಆಸ್ಥಾನದ್ದು, ಇದು ಅಂಗಳದ್ದು. ಆದರೂ ದೇವಿಯ ಉತ್ಸವ, ಹಾಡು ಕುಣಿತ ವಾದ್ಯಗಳ ಕೂಟ, ಕರ್ಣಾಟ ಮಹಾರಾಷ್ಟ್ರಗಳ ಗಡಿಸೀಮೆ – ಇವಿಷ್ಟು ಎರಡಕ್ಕೂ ಸಮಾನವಾಗಿವೆ.

ಇನ್ನೊಂದು ದಾರಿಯೂ ಉಂಟು. ನಮ್ಮ ಹಳೆಯ ಕಾವ್ಯಗಳನ್ನು ಓದಿದವರಿಗೆ ‘ಗೊಂದಣ’ ಎಂಬ ಮಾತು ಪರಿಚಿತ. ಕುಮಾರವ್ಯಾಸನಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಅದರ ಅರ್ಥ ಗುಂಪು, ದಟ್ಟಣೆ. ‘ಸಂದಣಿ’ ಎಂಬ ಮಾತಿನ ಒಡಹುಟ್ಟಿದಂತೆ ಕೇಳಿಸುತ್ತದೆ. ಅರಸುಮಕ್ಕಳ ಗೊಂದಣ, ಚತುರಂಗಬಲದ ಗೊಂದಣ ಎಂದರೆ ಅಲ್ಲಿ ನಿಂದೆಯಿಲ್ಲ. ವೈಭವದ ಸೂಚನೆಯೇ ಇದೆ. ಗೊಂದಣವೂ ಗೊಂದಳವೂ ಒಂದೇ ಬೇರಿನಿಂದ ಬಂದವೆಂದು ಎಣಿಸಿದರೆ, ಗೊಂದಲದ ಮೂಲಾರ್ಥ ‘ಜನ ಕೂಡುವುದು’ ಎಂದಷ್ಟೇ ಆಗುತ್ತದೆ. ಜಾಯಪನ ದಾರಿ ಹಿಡಿದರೆ ಬೆಟ್ಟದ ಜನರ ಕುಣಿತ. ಕಾವ್ಯಗಳ ದಾರಿ ಹಿಡಿದರೆ ಜನರ ಕೂಟ. ಎರಡು ದಾರಿಗಳಲ್ಲಿಯೂ ನಮಗೆ ಸಿಕ್ಕುವವರು ಜನ. ಅವ್ಯವಸ್ಥೆ ಎಲ್ಲಿಯೂ ಸಿಕ್ಕುವುದಿಲ್ಲ.

ಹಾಗಾದರೆ ಅವ್ಯವಸ್ಥೆ ಈ ಮಾತಿಗೆ ಅಂಟಿಕೊಂಡದ್ದು ಎಲ್ಲಿ? ಅದು ಮೊದಲು ಅಂಟಿದ್ದು ಕನ್ನಡದಲ್ಲಲ್ಲ, ಮರಾಠಿಯಲ್ಲಿ ಎಂದು ತೋರುತ್ತದೆ. ಮರಾಠಿಯ ‘ಗೋಂಧಳ’ಕ್ಕೂ ಎರಡು ಅರ್ಥ: ಒಂದು ದೇವಿಯ ಆರಾಧನೆ, ಇನ್ನೊಂದು ಗಡಿಬಿಡಿ. ಮೋಲ್ಸ್‌ವರ್ಥ್ ಸಿದ್ಧಪಡಿಸಿದ ಮರಾಠಿ–ಇಂಗ್ಲಿಷ್ ನಿಘಂಟಿನ 1857ರ ಆವೃತ್ತಿಯಲ್ಲಿ ಎರಡೂ ಅರ್ಥಗಳು ಅಕ್ಕಪಕ್ಕದಲ್ಲಿ ಕುಳಿತಿವೆ. ಅಷ್ಟೇ ಅಲ್ಲ, ಆರಾಧನೆಯನ್ನು ವರ್ಣಿಸುವಾಗಲೇ ಅದನ್ನು ಗದ್ದಲದ ಉತ್ಸವವೆಂದು ಆ ನಿಘಂಟು ಹೇಳುತ್ತದೆ. ಎರಡನೆಯ ಅರ್ಥ ಹುಟ್ಟಿದ ಬಗೆಯನ್ನು ಈ ಒಂದು ವಿಶೇಷಣವೇ ತೋರಿಸಿಕೊಡುತ್ತದೆ. ಅಂಗಳದೊಳಗೆ ಕುಳಿತವನಿಗೆ ಸಂಬಾಳದ ಒಂದೊಂದು ಪೆಟ್ಟೂ ಲೆಕ್ಕಕ್ಕೆ ಸಿಕ್ಕುತ್ತದೆ; ಯಾವ ದೇವರನ್ನು ಕರೆಯುತ್ತಿದ್ದಾರೆ, ಕಥೆ ಎಲ್ಲಿಗೆ ಬಂದಿತು, ಪಕ್ಕದವನು ಏಕೆ ಹಾಗೆ ಕೇಳಿದ ಎಂಬುದೆಲ್ಲ ಗೊತ್ತಾಗುತ್ತದೆ. ಗೋಡೆಯ ಆಚೆ, ನಡುರಾತ್ರಿಯಲ್ಲಿ, ಮುಸುಕು ಹೊದ್ದು ಮಲಗಿದವನಿಗೆ ಮುಟ್ಟುವುದು ಸಪ್ಪಳ ಮಾತ್ರ. ನಿಘಂಟಿನ ಮೊದಲ ಅರ್ಥ ಅಂಗಳದ್ದು, ಎರಡನೆಯದು ಗೋಡೆಯಾಚೆಯದು.

ನಿಘಂಟುಕಾರ ಪರದೇಶದವನೆಂದು ಹೊಣೆಯನ್ನೆಲ್ಲ ಅವನ ಮೇಲೆ ಹಾಕುವುದು ನ್ಯಾಯವಾಗದು. ಜನ ಆಡಿದ್ದನ್ನು ಅವನು ಬರೆದುಕೊಂಡ. ಇದು ಯಾವುದೊಂದು ದೇಶದ ವಿಶೇಷವೂ ಅಲ್ಲ. ಲಂಡನ್ನಿನಲ್ಲಿ 1247ರಲ್ಲಿ ಬೆತ್ಲಹೆಮಿನ ಮೇರಿಮಾತೆಯ ಹೆಸರಿನಲ್ಲಿ ಒಂದು ಮಠ ಸ್ಥಾಪಿತವಾಯಿತು. ಮುಂದೆ ಅದು ಬುದ್ಧಿ ಕೆಟ್ಟವರ ಆಸ್ಪತ್ರೆಯಾಯಿತು. ಜನರ ಬಾಯಲ್ಲಿ ಬೆತ್ಲಹೆಮ್ ಸವೆದು ‘ಬೆಡ್ಲಂ’ ಆಯಿತು. ಇಂದು ಇಂಗ್ಲಿಷಿನಲ್ಲಿ ಆ ಮಾತಿಗೆ ಅರ್ಥ ಹುಚ್ಚುಗದ್ದಲ. ಏಸುಕ್ರಿಸ್ತ ಹುಟ್ಟಿದ ಊರಿನ ಹೆಸರೇ ಗದ್ದಲದ ಹೆಸರಾಯಿತು! ಅಲ್ಲಿಯೂ ಹೊರಗೆ ನಿಂತು ಕೇಳಿಸಿಕೊಂಡವನ ಅರ್ಥವೇ ಗೆದ್ದಿತು.

ಕನ್ನಡದೊಳಗೆ ನೋಡಿದರೆ ಗೊಂದಲ ಒಂಟಿಯಲ್ಲ. ‘ಹಗರಣ’ವನ್ನು ತೆಗೆದುಕೊಳ್ಳಿ. ಸಂಸ್ಕೃತದ ‘ಪ್ರಕರಣ’ವೆಂಬುದು ಒಂದು ನಾಟಕಪ್ರಭೇದ. ಅದು ತದ್ಭವವಾಗಿ ಪಗರಣ, ಹಗರಣವಾಗಿ, ವೇಷ ಹಾಕಿ ಆಡುವ ಜನಪದ ವಿನೋದಕ್ಕೆ ಹೆಸರಾಯಿತು. ಅಂಕೋಲೆ, ಕುಮಟೆಗಳ ಕಡೆ ಸುಗ್ಗಿಯ ಕಾಲದಲ್ಲಿ ಇಂದಿಗೂ ಹಗರಣವುಂಟು. ಊರಿನ ಸಂಗತಿಗಳನ್ನೇ ಅಣಕವಾಡಿ ಜನರನ್ನು ನಗಿಸುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಮಾತ್ರ ಹಗರಣವೆಂದರೆ ಹಣ ತಿಂದ ಸುದ್ದಿ. ‘ದೊಂಬರಾಟ’ವೂ ಹಾಗೆಯೇ. ಹಗ್ಗದ ಮೇಲೆ ನಡೆಯುವವನಿಗೆ ಒಂದು ಅಂಗುಲ ತಪ್ಪಿದರೆ ಪ್ರಾಣವೇ ಹೋಗುತ್ತದೆ. ಅವನಷ್ಟು ಅಚ್ಚುಕಟ್ಟು ಬೇರೆ ಯಾರಿಗೆ ಬೇಕು? ಆದರೂ ಗೊತ್ತುಗುರಿಯಿಲ್ಲದ ರಾಜಕೀಯ ಜಿಗಿದಾಟಕ್ಕೆ ನಾವು ಅವನ ಕಸುಬಿನ ಹೆಸರನ್ನು ಕೊಟ್ಟಿದ್ದೇವೆ.

ಊರೂರು ತಿರುಗಿ ಬದುಕುವವರ ಕಲೆಗಳಿಗೆ ಮಾತ್ರ ಹೀಗಾಗುತ್ತದೆ, ಪಂಡಿತರ ಮಾತುಗಳಿಗೆ ಆಗುವುದಿಲ್ಲ ಎಂದು ವಾದಿಸಬಹುದು. ಆ ವಾದ ನಿಲ್ಲುವುದಿಲ್ಲ. ‘ರಾದ್ಧಾಂತ’ವನ್ನು ನೋಡಿ. ಸಂಸ್ಕೃತದಲ್ಲಿ ರಾದ್ಧಾಂತವೆಂದರೆ ಸಿದ್ಧಾಂತ, ವಾದವೆಲ್ಲ ಮುಗಿದು ನೆಲೆಗೊಂಡ ನಿರ್ಣಯ. ನಮ್ಮ ಮನೆಗಳಲ್ಲಿ ರಾದ್ಧಾಂತವೆಂದರೆ ಸಣ್ಣ ಮಾತಿಗೆ ಎದ್ದ ದೊಡ್ಡ ರಗಳೆ. ಆ ರಗಳೆಯೂ ಒಂದು ಛಂದಸ್ಸಿನ ಹೆಸರೇ ತಾನೆ! ಯಾರನ್ನಾದರೂ ಬೈದರೆ ‘ಮಂಗಳಾರತಿ ಮಾಡಿದರು’ ಎನ್ನುತ್ತೇವೆ, ‘ಸಹಸ್ರನಾಮಾರ್ಚನೆಯಾಯಿತು’ ಎನ್ನುತ್ತೇವೆ, ಮಾತು ಉದ್ದವಾದರೆ ‘ಅವನ ಪುರಾಣ ಸಾಕು’ ಎನ್ನುತ್ತೇವೆ. ದೊಡ್ಡದನ್ನು ಹಾಸ್ಯಕ್ಕೆ ಎಳೆಯುವುದು ಜನರ ನಾಲಗೆಯ ಹುಟ್ಟುಗುಣ. ಅದರಲ್ಲಿ ದ್ವೇಷವಿಲ್ಲ.

ಆದರೆ ಇಲ್ಲಿ ಒಂದು ಭೇದವಿದೆ, ಅದನ್ನು ಗಮನಿಸಬೇಕು. ‘ಮಂಗಳಾರತಿ ಮಾಡಿದರು’ ಎಂದು ನಗುವವನು ಬೆಳಿಗ್ಗೆ ದೇವರ ಮುಂದೆ ನಿಜವಾದ ಮಂಗಳಾರತಿಯನ್ನು ಕಣ್ಣಿಗೆ ಒತ್ತಿಕೊಂಡಿರುತ್ತಾನೆ. ಅವನಿಗೆ ಎರಡು ಅರ್ಥವೂ ಗೊತ್ತು. ಎರಡರ ನಡುವಿನ ದೂರವೇ ಅವನ ನಗೆಗೆ ಕಾರಣ. ಮೊದಲ ಅರ್ಥ ಭದ್ರವಾಗಿರುವುದರಿಂದ ಎರಡನೆಯದರಿಂದ ಅದಕ್ಕೆ ಚ್ಯುತಿಯಿಲ್ಲ. ಗೊಂದಲದ ಸಂಗತಿ ಹಾಗಲ್ಲ. ಬೆಂಗಳೂರಿನ ಬಸ್ಸಿನಲ್ಲಿ ‘ಏನಯ್ಯಾ ಇದು ಗೊಂದಲ’ ಎನ್ನುವವನು ನಗುತ್ತಿಲ್ಲ. ಅವನಿಗೆ ಗೊತ್ತಿರುವುದು ಒಂದೇ ಅರ್ಥ. ಮಾತಿನ ಅರ್ಥ ಇಳಿದುದು ಅವಮಾನವಲ್ಲ. ಅದು ಎಲ್ಲಿಂದ ಇಳಿಯಿತೆಂಬುದನ್ನು ಮರೆತುದು ಅವಮಾನ. ಮೊದಲರ್ಥವು ಮರೆತುಹೋದ ಮೇಲೆ ಹಾಸ್ಯ ಹೋಗಿ ನಿಂದೆಯೊಂದೇ ಉಳಿಯುತ್ತದೆ. ಆ ನಿಂದೆ ಹೋಗಿ ಕೂರುವುದು ಹಾಜರಿ ಪುಸ್ತಕದಲ್ಲಿರುವ ಒಬ್ಬ ಹುಡುಗನ ಹೆಸರಿನ ಮೇಲೆ.

ಮರೆವು ಇತ್ತೀಚಿನದು ಎಂಬುದಕ್ಕೆ ಆಧಾರವುಂಟು. ಎಡ್ಗರ್ ಥರ್ಸ್ಟನ್ ಎಂಬುವನು 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳನ್ನು ಕುರಿತ ಬೃಹದ್ಗ್ರಂಥದಲ್ಲಿ, ಮೈಸೂರು ಸಂಸ್ಥಾನದ 1901ರ ಜನಗಣತಿ ವರದಿಯಿಂದ ಗೊಂದಲಿಗರ ಸಂಗತಿಯನ್ನು ಎತ್ತಿಕೊಟ್ಟಿದ್ದಾನೆ. ಅವರು ಮರಾಠಾ ಮೂಲದ ಭಿಕ್ಷುಕರೆಂದೂ, ದೀವಟಿಗೆಯ ಬೆಳಕಿನಲ್ಲಿ ಅಂಬಾಭವಾನಿಯ ಪ್ರೀತ್ಯರ್ಥ ಗೊಂದಲವೆಂಬ ಕುಣಿತ ನಡೆಸುವವರೆಂದೂ ಅಲ್ಲಿದೆ. ಅದಕ್ಕಿಂತ ಮುಖ್ಯವಾದದ್ದು ಮುಂದಿನ ಮಾತು: ವಿಶೇಷವಾಗಿ ದೇಶಸ್ಥ ಬ್ರಾಹ್ಮಣರ ಮನೆಗಳಲ್ಲಿ ಮದುವೆಯಾದ ಮೇಲೆ ಅಥವಾ ಹರಕೆ ತೀರಿಸುವಾಗ ಈ ಗೊಂದಲ ನಡೆಯುತ್ತಿದ್ದಿತಂತೆ. ಗೊಂದಲ ಆಗ ಎಲ್ಲಿಯೋ ದೂರದ ಹಳ್ಳಿಯ ಆಚರಣೆಯಾಗಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿಯೇ ಓದುಬರಹ ಬಲ್ಲ ಮನೆಗಳ ಅಂಗಳದಲ್ಲಿ, ಮನೆಯವರೇ ಕರೆಸಿ, ದಕ್ಷಿಣೆ ಕೊಟ್ಟು ಹಾಕಿಸುತ್ತಿದ್ದ ಕಾರ್ಯವಾಗಿತ್ತು. ಅಂಗಳಗಳು ಕಿರಿದಾದವು, ಮದುವೆಗಳು ಛತ್ರಗಳಿಗೆ ನಡೆದವು, ರಾತ್ರಿಯೆಲ್ಲ ಎಚ್ಚರವಿರಲು ಯಾರಿಗೂ ಬಿಡುವಿಲ್ಲವಾಯಿತು. ಗೊಂದಲಿಗರು ಬರುವುದು ನಿಂತಿತು. ಮಾತೊಂದು ಉಳಿಯಿತು.

ಉತ್ತರದಲ್ಲಿ ಇನ್ನೂ ಅಷ್ಟು ಹದಗೆಟ್ಟಿಲ್ಲ. ಅಲ್ಲಿ ಎರಡು ಅರ್ಥವೂ ಒಂದೇ ಮನೆಯಲ್ಲಿ ಬಾಳುತ್ತವೆ. ಮಕ್ಕಳನ್ನು ‘ಏನ್ ಗೊಂದಲಾ ಹಾಕೀರೋ’ ಎಂದು ಗದರಿಸುವ ತಾಯಿ, ಮಗನ ಮದುವೆಯಾದಾಗ ಗೊಂದಲಿಗರಿಗೆ ಹೇಳಿಕಳುಹಿಸುತ್ತಾಳೆ. ಆದರೆ ಆ ಅಜ್ಜ ಹೇಳಿದಂತೆ, ಎರಡು ತಾಸಿನಲ್ಲಿ ಮುಗಿಸಿಕೊಡಿರಿ ಎಂದು ಕೇಳುವವರೇ ಈಗ ಹೆಚ್ಚು. ಎರಡು ತಾಸಿನಲ್ಲಿ ಏನಾದೀತು? ಕರೆಯುವ ದೇವರನ್ನು ಕಡಿಮೆ ಮಾಡಬೇಕು, ಇಲ್ಲವೆ ಕಥೆಯನ್ನು ಬಿಡಬೇಕು. “ದೇವರನ್ನ ಬಿಡಾಕ ಬರಂಗಿಲ್ಲ, ಕಥಿ ಬಿಡ್ತೀವಿ” ಎಂದ ಅಜ್ಜ. ಮೊಮ್ಮಕ್ಕಳಿಗೆ ಕಥೆ ಬಾರದು. ಸರಕಾರದ ಅಲೆಮಾರಿ, ಅರೆ ಅಲೆಮಾರಿ ಸಮುದಾಯಗಳ ಪಟ್ಟಿಯಲ್ಲಿ ಗೊಂದಲಿಗರ ಹೆಸರಿದೆ. ಅದರಿಂದ ಓದಿಗೆ ನೆರವು ದೊರೆಯಬಹುದು. ಓದಿದ ಹುಡುಗ ನಿಘಂಟನ್ನು ತೆರೆದು ತನ್ನ ಕುಲದ ಹೆಸರಿನ ಎದುರಿಗೆ ‘ಗಲಿಬಿಲಿ, ಅವ್ಯವಸ್ಥೆ’ ಎಂದಷ್ಟೇ ಓದಿಕೊಂಡರೆ, ಆ ಓದು ಅವನಿಗೆ ಏನನ್ನು ಕೊಟ್ಟಂತಾಯಿತು?

ಮಾತಿನ ಅರ್ಥವನ್ನು ಹಿಂದಕ್ಕೆ ತಿರುಗಿಸಲು ಬರುವುದಿಲ್ಲ, ತಿರುಗಿಸಬೇಕಾದ ಅವಶ್ಯಕತೆಯೂ ಇಲ್ಲ. ಈ ಮಾತನ್ನು ಅವ್ಯವಸ್ಥೆಯ ಅರ್ಥದಲ್ಲಿ ಬಳಸಬಾರದೆಂದು ನಾನು ಹೇಳಲಾರೆ; ಹೇಳಿದರೂ ಯಾರೂ ಕೇಳುವುದಿಲ್ಲ. ಆದರೆ ಮಾಡಬಹುದಾದ ಸಣ್ಣ ಕೆಲಸಗಳು ಎರಡಿವೆ. ಶಾಲೆಯ ಮಕ್ಕಳ ಕೈಗೆ ಕೊಡುವ ಸಣ್ಣ ನಿಘಂಟುಗಳಲ್ಲಿಯೂ ಗೊಂದಲದ ಎದುರಿಗೆ ‘ದೇವಿಯ ಪ್ರೀತ್ಯರ್ಥ ರಾತ್ರಿಯೆಲ್ಲ ನಡೆಯುವ ಹಾಡು, ಕುಣಿತ, ಕಥನ’ ಎಂಬ ಅರ್ಥವನ್ನು ಮೊದಲು ಕೊಟ್ಟು, ಗಲಿಬಿಲಿಯನ್ನು ಎರಡನೆಯದಾಗಿ ಕೊಡಬೇಕು. ಅದು ಉದಾರತೆಯಲ್ಲ, ಚರಿತ್ರೆಯ ಕ್ರಮ. ಎರಡನೆಯದಾಗಿ, ಕಥೆ ಬಲ್ಲ ಅಜ್ಜಂದಿರು ಇನ್ನೂ ಇರುವಾಗಲೇ ನಮ್ಮ ಕಾಲೇ‌ಜುಗಳ ಕನ್ನಡ ವಿಭಾಗಗಳವರು ಅವರ ಅಂಗಳಕ್ಕೆ ಹೋಗಿ, ಒಂದು ರಾತ್ರಿ ನಿದ್ದೆಗೆಟ್ಟು, ಪೂರ್ತಿ ಗೊಂದಲವನ್ನು ಬರೆದುಕೊಳ್ಳಬೇಕು. ಎರಡು ತಾಸಿನದನ್ನಲ್ಲ, ಬೆಳಗಿನವರೆಗಿನದನ್ನು.

ಕಲ್ಯಾಣದ ಅರಸನೊಬ್ಬ ಎಂಟುನೂರು ತೊಂಬತ್ತು ವರ್ಷಗಳ ಹಿಂದೆ ಬೀದಿಯಲ್ಲಿ ನಿಂತು ಒಂದು ಕುಣಿತವನ್ನು ತಾನೇ ನೋಡಿದನೆಂದು ಜಾಯಪ ಬರೆದಿದ್ದಾನೆ. ನೋಡಿದ ಮೇಲೆ ಅವನಿಗೆ ಅದರಲ್ಲಿ ಕ್ರಮ ಕಂಡಿತು. ಗೊಂದಲವನ್ನು ಗೊಂದಲವೆನ್ನುವ ಮೊದಲು ನಮ್ಮಿಂದ ಆಗಬೇಕಾದದ್ದೂ ಅಷ್ಟೇ.